ಹೋಗೋದಾ, ಇಲ್ಲೇ ಇರೋದಾ? ಕೀಟಗಳ ರೆಕ್ಕೆಯ ಲೆಕ್ಕ

(ಇದು ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಓಡಿಸಿಬಿಟ್ಟ ಕೆಲವು ಕಡೆ ಇಲ್ಲಿ ಸ್ವಲ್ಪ ನಿಂತು ಬರೆದಿದ್ದೇನೆ. ಕೊನೆಗೆ ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಹುಳುಗಳು ನೆಲದಿಂದ ಎದ್ದು ದೀಪಕ್ಕೆ ಮುತ್ತುವುದನ್ನು ನೀವೆಲ್ಲ ನೋಡಿರುತ್ತೀರಿ. ಮುಂದಿನ ಸಲ ಇಡೀ ಗುಂಪನ್ನು ನೋಡಬೇಡಿ, ಒಂದೇ ಒಂದು ಹುಳುವಿನ ಮೇಲೆ ಕಣ್ಣಿಡಿ. ಹಾರಾಟ ತುಂಬಾ ಹೊತ್ತು ನಡೆಯುವುದಿಲ್ಲ. ನೆಲಕ್ಕಿಳಿದ ಮೇಲೆ ಅದು ಮೊದಲು ಮಾಡುವ ಕೆಲಸ ರೆಕ್ಕೆ ಕಳಚುವುದು. ರೆಕ್ಕೆಯ ಬುಡದಲ್ಲಿ ಒಂದು ಸಣ್ಣ ಗೆರೆ ಇರುತ್ತದೆ, ಮುರಿಯುವುದಕ್ಕೆಂದೇ ಇರುವ ಗೆರೆ. ಹುಳು ಮೈ ಹೊರಳಿಸುತ್ತದೆ, ರೆಕ್ಕೆಯನ್ನು ನೆಲಕ್ಕೆ ಒತ್ತುತ್ತದೆ, ನಾಲ್ಕೂ ಆ ಗೆರೆಯಲ್ಲೇ ಮುರಿದು ಉದುರುತ್ತವೆ. ಆಮೇಲೆ ಜೋಡಿ ಸಿಕ್ಕರೆ ಹೆಣ್ಣು ಮುಂದೆ, ಗಂಡು ಹಿಂದೆ, ಗಂಡಿನ ಕುಡಿಮೀಸೆ ಹೆಣ್ಣಿನ ಬೆನ್ನ ತುದಿಗೆ ತಾಗಿಕೊಂಡೇ ಇರುವಂತೆ ಎರಡೂ ಓಡುತ್ತವೆ. ಒಂದು ಬಿರುಕು ಸಿಕ್ಕರೆ ಮಣ್ಣಿಗಿಳಿದುಬಿಡುತ್ತವೆ. ಅಲ್ಲಿಂದ ಮುಂದೆ ಹಾರುವ ಮಾತೇ ಇಲ್ಲ. ಎದೆಯಲ್ಲಿ ಉಳಿದ ಹಾರಾಟದ ಸ್ನಾಯು ಕೂಡ ಕರಗಿ ಹೋಗುತ್ತದೆ. ಕೆಲವು ಜಾತಿಗಳಲ್ಲಿ ಈ ಹೆಣ್ಣು ರಾಣಿಯಾಗಿ ಹತ್ತು ವರ್ಷಕ್ಕಿಂತ ಜಾಸ್ತಿ ಬದುಕುತ್ತದೆ. ಅಷ್ಟೂ ವರ್ಷದಲ್ಲಿ ಹಾರಿದ್ದು ಒಂದೇ ಸಲ.

ಕೀಟ ಅಂದರೆ ಹಾರುವುದು, ಹಾರುವುದು ಅಂದರೆ ಒಳ್ಳೆಯದು ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಈ ಹುಳು ಹಾಗೆ ಹೇಳುವುದಿಲ್ಲ. ರೆಕ್ಕೆಗೆ ಖರ್ಚಿದೆ, ಕೆಲಸ ಮುಗಿದರೆ ಇಟ್ಟುಕೊಳ್ಳುವುದರಲ್ಲಿ ಲಾಭವಿಲ್ಲ ಅನ್ನುತ್ತದೆ. ನಾನು ಹೇಳಬೇಕೆಂದಿರುವುದೂ ಇಷ್ಟೇ: ಕೀಟ ಹೇಗೆ ಹಾರುತ್ತದೆ ಅನ್ನುವುದು ಅರ್ಧ ಕಥೆ. ಯಾವಾಗ ಹೊರಡಬೇಕು, ಯಾವಾಗ ಇದ್ದಲ್ಲೇ ಇರಬೇಕು ಅನ್ನುವುದು ಉಳಿದರ್ಧ. ಆ ಉಳಿದರ್ಧದ ಬಗ್ಗೆ ನಾವು ಮಾತಾಡುವುದು ತೀರಾ ಕಮ್ಮಿ.

ರೆಕ್ಕೆ ಎಲ್ಲಿಂದ ಬಂತು

ಭೂಮಿಯ ಮೇಲೆ ಮೊದಲು ಹಾರಿದ ಪ್ರಾಣಿಗಳು ಕೀಟಗಳೇ. ರೆಕ್ಕೆಯಿರುವ ಕೀಟದ್ದೇ ಅಂತ ಧೈರ್ಯವಾಗಿ ಹೇಳಬಹುದಾದ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 32 ಕೋಟಿ ವರ್ಷ ಹಿಂದಿನವು. ಜೀನ್‌ಗಳನ್ನು ಹೋಲಿಸಿ ಲೆಕ್ಕ ಹಾಕಿದರೆ ಮೊದಲ ರೆಕ್ಕೆ ಇನ್ನೂ ಹಿಂದಕ್ಕೆ, ಸುಮಾರು 40 ಕೋಟಿ ವರ್ಷದ ಹತ್ತಿರಕ್ಕೆ ಹೋಗುತ್ತದೆ. ಹಕ್ಕಿಗಳು ಬಂದದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಬಾವಲಿಗಳ ಹಳೆಯ ಪಳೆಯುಳಿಕೆಗಳು 5 ಕೋಟಿ ವರ್ಷದ ಆಸುಪಾಸಿನವು. ಅಂದರೆ ಆಕಾಶ ತುಂಬಾ ಕಾಲ ಕೀಟಗಳದ್ದು ಮಾತ್ರ ಆಗಿತ್ತು. ಆಗಿನ ಮೆಗಾನ್ಯೂರಾ ಎಂಬ ಕೀಟ, ಇವತ್ತಿನ ಏರೋಪ್ಲೇನ್ ಚಿಟ್ಟೆಗಳ ದೂರದ ಸಂಬಂಧಿ, ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 65 ಸೆಂಟಿಮೀಟರ್.

ಎಲ್ಲ ಕೀಟಗಳ ರೆಕ್ಕೆಗೂ ಮೂಲ ಒಂದೇ, ಇದರಲ್ಲಿ ಹೆಚ್ಚು ಜಗಳವಿಲ್ಲ. ಆ ಮೊದಲ ರೆಕ್ಕೆ ಮೈಯ ಯಾವ ಭಾಗದಿಂದ ಮೂಡಿತು ಅನ್ನುವುದರ ಮೇಲೆ ಮಾತ್ರ ನೂರು ವರ್ಷಕ್ಕಿಂತ ಜಾಸ್ತಿ ವಾದ ನಡೆದಿದೆ. ಬೆನ್ನಿನ ಚಿಪ್ಪು ಪಕ್ಕಕ್ಕೆ ಚಾಚಿಕೊಂಡು ರೆಕ್ಕೆಯಾಯಿತು ಅಂತ ಒಂದು ಗುಂಪು. ಕಾಲಿನ ಬುಡದಲ್ಲಿದ್ದ, ನೀರಿನಲ್ಲಿ ಕಿವಿರಿನ ಹಾಗೆ ಕೆಲಸ ಮಾಡುತ್ತಿದ್ದ ಚಾಚು ರೆಕ್ಕೆಯಾಯಿತು ಅಂತ ಇನ್ನೊಂದು. ಕೀಟಗಳಿಗೆ ಹತ್ತಿರದ ಸಂಬಂಧಿಗಳೆಂದರೆ ಸಿಗಡಿ, ಏಡಿಗಳ ಬಳಗ. ಪಾರ್‌ಹಯೇಲ್ ಎಂಬ ಪುಟಾಣಿ ಸಿಗಡಿಯಂಥ ಪ್ರಾಣಿಯಲ್ಲಿ ರೆಕ್ಕೆಗೆ ಬೇಕಾದ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿ ನೋಡಿದ ಎರಡು ಅಧ್ಯಯನಗಳು 2020ರಲ್ಲಿ ಬಂದವು. ಆ ಪ್ರಾಣಿಗೆ ರೆಕ್ಕೆಯೇ ಇಲ್ಲ, ಆದರೂ ಆ ಜೀನ್‌ಗಳು ಅದರ ಕಾಲಿನ ಬುಡದ ತಟ್ಟೆಗಳಲ್ಲಿ ಕೆಲಸ ಮಾಡುತ್ತಿದ್ದವು. ಅದರಿಂದ ಹೀಗೊಂದು ಚಿತ್ರ ಮೂಡುತ್ತದೆ: ಕೀಟಗಳ ಹಿರಿಯರಲ್ಲಿ ಕಾಲಿನ ಬುಡದ ತುಂಡು ನಿಧಾನವಾಗಿ ಮೈಗೋಡೆಯೊಳಗೆ ಸೇರಿಕೊಂಡಿತು, ಅದರ ಚಾಚು ಬೆನ್ನಿನ ಕಡೆಗೆ ಸರಿಯಿತು. ಹೀಗಿದ್ದರೆ ಎರಡೂ ಗುಂಪಿನವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದ್ದ ಹಾಗಾಯಿತು. ವಾದ ಇನ್ನೂ ಪೂರ್ತಿ ನಿಂತಿಲ್ಲ.

ಅರ್ಧಂಬರ್ಧ ರೆಕ್ಕೆಯಿಂದ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಕಾಡಿನ ಮೇಲ್ತುದಿಯಲ್ಲಿ ಬದುಕುವ ರೆಕ್ಕೆಯಿಲ್ಲದ ಕೀಟಗಳು ಉತ್ತರ ಕೊಡುತ್ತವೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ಸೆಫಲೋಟಿಸ್ ಎಂಬ ಇರುವೆ ಇದೆ. ಎತ್ತರದ ಕೊಂಬೆಯಿಂದ ಜಾರಿದರೆ ಅದು ಸುಮ್ನೆ ಬೀಳುವುದಿಲ್ಲ, ಗಾಳಿಯಲ್ಲೇ ತಿರುಗಿ, ಮರದ ಕಾಂಡದ ಕಡೆ ತೇಲಿ, ಕಾಂಡವನ್ನೇ ಹಿಡಿದುಕೊಳ್ಳುತ್ತದೆ. ಬ್ರಿಸಲ್‌ಟೇಲ್ ಎಂಬ ಹಳೆಯ ಗುಂಪಿನ ಕೀಟಗಳ ವಂಶದಲ್ಲಿ ಯಾವತ್ತೂ ರೆಕ್ಕೆ ಇರಲಿಲ್ಲ. ಅವು ಕೂಡ ಬಾಲದ ಎಳೆಯನ್ನು ಬಳಸಿ ಬೀಳುವ ದಿಕ್ಕನ್ನು ತಿದ್ದಿಕೊಳ್ಳುತ್ತವೆ. ಗಾಳಿಯಲ್ಲಿ ದಿಕ್ಕು ತಿದ್ದುವ ವಿದ್ಯೆ ರೆಕ್ಕೆಗಿಂತ ಮೊದಲೇ ಇತ್ತು ಅಂತಿಟ್ಟುಕೊಂಡರೆ, ಮೈಯಿಂದ ಚಾಚಿಕೊಂಡ ಒಂದು ಸಣ್ಣ ತಟ್ಟೆಯೂ ಆವತ್ತೇ ಉಪಯೋಗಕ್ಕೆ ಬಂದಿರುತ್ತದೆ, ಅಲ್ವಾ?

ಸ್ನಾಯುಗಳ ವಿಷಯ ಬೇಗ ಮುಗಿಸುತ್ತೇನೆ. ಏರೋಪ್ಲೇನ್ ಚಿಟ್ಟೆಯಲ್ಲಿ ಸ್ನಾಯು ನೇರವಾಗಿ ರೆಕ್ಕೆಯ ಬುಡವನ್ನು ಎಳೆಯುತ್ತದೆ. ನೊಣ, ಜೇನುನೊಣ, ದುಂಬಿಗಳಲ್ಲಿ ಹಾಗಲ್ಲ. ಅಲ್ಲಿ ಸ್ನಾಯು ಎದೆಯ ಗಟ್ಟಿ ಗೂಡನ್ನೇ ಅದುಮಿ ಬಿಡುತ್ತದೆ, ಆ ಗೂಡಿಗೆ ಅಂಟಿಕೊಂಡ ರೆಕ್ಕೆ ಮೇಲೆ ಕೆಳಗೆ ಆಡುತ್ತದೆ. ಜೇನುನೊಣ ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ನರದಿಂದ ಒಂದು ಆಜ್ಞೆ ಬರುವುದಕ್ಕೆ ಅಷ್ಟು ಪುರುಸೊತ್ತು ಇರುವುದಿಲ್ಲ. ತಂಬೂರಿಯ ತಂತಿಯನ್ನು ಒಮ್ಮೆ ಮೀಟಿದರೆ ಅದು ತಾನಾಗಿ ಎಷ್ಟೋ ಸಲ ಅದುರುತ್ತದಲ್ಲ, ಹಾಗೆ ನರದ ಒಂದು ಸೂಚನೆಗೆ ಎದೆಗೂಡು ಹಲವು ಸಲ ಅದುರುತ್ತದೆ, ಎಳೆತಕ್ಕೆ ಸಿಕ್ಕ ಸ್ನಾಯು ಮತ್ತೆ ತಾನೇ ಕುಗ್ಗುತ್ತದೆ. ಹಾರುವಾಗ ಕೀಟ ಉರಿಸುವ ಶಕ್ತಿ ಸುಮ್ಮನೆ ಕೂತಾಗಿನದಕ್ಕಿಂತ ಎಷ್ಟೋ ಹತ್ತು ಪಟ್ಟು, ಕೆಲವು ಕೀಟಗಳಲ್ಲಿ ನೂರು ಪಟ್ಟಿನ ಹತ್ತಿರ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಇನ್ನು ಮುಂದಿನ ಕಥೆಯೆಲ್ಲ ಈ ಖರ್ಚಿನದು.

ಒಂದೇ ಜಾತಿ, ಎರಡು ಉತ್ತರ

ಭತ್ತದ ಬುಡವನ್ನು ಸ್ವಲ್ಪ ಬಾಗಿಸಿ ನೋಡಿದರೆ ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಕಂದು ಜಿಗಿಹುಳುಗಳು ಸಾಲಾಗಿ ಕೂತಿರುತ್ತವೆ. ನಾಲ್ಕೈದು ಮಿಲಿಮೀಟರ್ ಉದ್ದದ ಹುಳು. ಗಮನವಿಟ್ಟು ನೋಡಿದರೆ ಎರಡು ಬಗೆ ಕಾಣುತ್ತವೆ. ಒಂದಕ್ಕೆ ರೆಕ್ಕೆ ಹೊಟ್ಟೆಯ ತುದಿ ದಾಟಿ ಚಾಚಿರುತ್ತದೆ. ಇನ್ನೊಂದರ ರೆಕ್ಕೆ ಮೊಟಕು, ಹೊಟ್ಟೆಯ ಅರ್ಧಕ್ಕೇ ನಿಂತಿರುತ್ತದೆ, ಮೈ ಮಾತ್ರ ದುಂಡಗೆ ಊದಿಕೊಂಡಿರುತ್ತದೆ. ಇವು ಬೇರೆ ಬೇರೆ ಜಾತಿಯಲ್ಲ, ಒಂದೇ ತಾಯಿಯ ಮಕ್ಕಳೂ ಆಗಿರಬಹುದು. ಮೋಟು ರೆಕ್ಕೆಯದು ಹಾರಲಾರದು, ಆದರೆ ಬೇಗ ಮೊಟ್ಟೆ ಇಡಲು ಶುರು ಮಾಡುತ್ತದೆ, ಜಾಸ್ತಿ ಇಡುತ್ತದೆ. ಉದ್ದ ರೆಕ್ಕೆಯದು ನೂರಾರು ಕಿಲೋಮೀಟರ್ ಹೋಗಬಲ್ಲದು, ಆದರೆ ಮೊಟ್ಟೆಯ ಕೆಲಸ ತಡ, ಸಂಖ್ಯೆಯೂ ಕಮ್ಮಿ.

ಯಾವುದಾಗಬೇಕು ಅನ್ನುವುದು ಮರಿಯಾಗಿದ್ದಾಗಲೇ ತೀರ್ಮಾನವಾಗುತ್ತದೆ. ಒಂದೇ ಬುಡದಲ್ಲಿ ಮರಿಗಳು ಕಿಕ್ಕಿರಿದಿದ್ದರೆ ಉದ್ದ ರೆಕ್ಕೆ. ಪೈರು ಮುದಿಯಾದರೂ ಉದ್ದ ರೆಕ್ಕೆ. ಬಲಿತ ಪೈರಿನಲ್ಲಿ ಗ್ಲೂಕೋಸ್ ಹೆಚ್ಚುತ್ತದೆ, ಮರಿಗೆ ಅದೇ ಸುಳಿವು. ಈ ಗದ್ದೆಯ ಕಾಲ ಮುಗಿಯುತ್ತಾ ಬಂತು ಅಂತ ಅದು ರಸ ಹೀರುತ್ತಲೇ ತಿಳಿದುಕೊಳ್ಳುತ್ತದೆ. ಒಳಗೆ ಇದನ್ನು ನಡೆಸುವ ಸ್ವಿಚ್ಚು ಯಾವುದು ಅಂತ 2015ರಲ್ಲಿ ಗೊತ್ತಾಯಿತು. ಇನ್ಸುಲಿನ್ ಸಂಕೇತವನ್ನು ಹಿಡಿಯುವ ಎರಡು ಗ್ರಾಹಕಗಳಿವೆ, ಅಂದರೆ ಜೀವಕೋಶದ ಮೇಲೆ ಕೂತು ಆ ಸಂಕೇತವನ್ನು ಒಳಗೆ ಮುಟ್ಟಿಸುವ ಪ್ರೋಟೀನ್‌ಗಳು. ಒಂದು ಕೆಲಸ ಮಾಡಿದರೆ ರೆಕ್ಕೆ ಉದ್ದ ಬೆಳೆಯುತ್ತದೆ. ಇನ್ನೊಂದು ಅದನ್ನು ತಡೆಹಿಡಿದರೆ ಮೋಟಾಗಿ ನಿಲ್ಲುತ್ತದೆ. ನಮ್ಮ ಮೈಯಲ್ಲಿ ಸಕ್ಕರೆಯ ಲೆಕ್ಕ ನೋಡುವ ವ್ಯವಸ್ಥೆಯೇ ಅಲ್ಲಿ ಹೊರಡುವ ಲೆಕ್ಕವನ್ನೂ ನೋಡುತ್ತಿದೆ. ನನಗೆ ಇದು ತುಂಬಾ ಸೊಗಸಾದ ಸಂಗತಿ ಅನಿಸುತ್ತದೆ. ಊಟ ಹೇಗಿದೆ ಅನ್ನುವುದರ ಮೇಲೆಯೇ ತಾನೇ ಇರಬೇಕೋ ಹೋಗಬೇಕೋ ಅನ್ನುವುದು ನಿಂತಿರುವುದು?

ಈ ಹುಳು ಜಪಾನ್, ಕೊರಿಯಾಗಳ ಚಳಿಗಾಲದಲ್ಲಿ ಬದುಕುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ದಕ್ಷಿಣದಿಂದ ಗಾಳಿ ಹಿಡಿದು ಹೊಸದಾಗಿ ಬರುತ್ತದೆ. ಬಂದಿಳಿದ ಉದ್ದ ರೆಕ್ಕೆಯವುಗಳ ಮಕ್ಕಳು, ಎಳೆಯ ಪೈರು ಸಿಕ್ಕಿದ್ದರಿಂದ, ಬಹಳಷ್ಟು ಮೋಟು ರೆಕ್ಕೆಯವಾಗುತ್ತವೆ. ಪೈರು ಬಲಿತ ಮೇಲೆ ಮತ್ತೆ ಉದ್ದ ರೆಕ್ಕೆ.

ರಾತ್ರಿ ಕಿರ್ರೆನ್ನುವ ಚಿಮ್ಮಂಡೆಗಳ ಒಂದು ಜಾತಿಯಲ್ಲಿ, ಗ್ರಿಲ್ಲಸ್ ಫರ್ಮಸ್ ಅಂತ ಅದರ ಹೆಸರು, ಈ ಖರ್ಚನ್ನು ಕಣ್ಣಾರೆ ನೋಡಬಹುದು. ಪ್ರಾಯಕ್ಕೆ ಬಂದ ಕೆಲವೇ ದಿನಗಳ ಎರಡು ಹೆಣ್ಣುಗಳ ಮೈ ಬಿಡಿಸಿ ಪಕ್ಕಪಕ್ಕ ಇಟ್ಟರೆ, ಉದ್ದ ರೆಕ್ಕೆಯದರ ಎದೆಯಲ್ಲಿ ಗುಲಾಬಿ ಬಣ್ಣದ ದಪ್ಪ ಸ್ನಾಯು, ಹೊಟ್ಟೆಯಲ್ಲಿ ಹಾರಾಟಕ್ಕೆ ಕೂಡಿಟ್ಟ ಕೊಬ್ಬು, ಅಂಡಾಶಯ ಸಣ್ಣದು. ಮೋಟು ರೆಕ್ಕೆಯದರ ಎದೆಯಲ್ಲಿ ಬಿಳಿಚಿಕೊಂಡ ತೆಳು ಸ್ನಾಯು, ಹೊಟ್ಟೆ ತುಂಬಾ ಮೊಟ್ಟೆ. ತಿಂದದ್ದು ಹೆಚ್ಚುಕಮ್ಮಿ ಅಷ್ಟೇ, ಎಲ್ಲಿಗೆ ಹಾಕಿದೆ ಅನ್ನುವುದರಲ್ಲಿ ವ್ಯತ್ಯಾಸ. ಉದ್ದ ರೆಕ್ಕೆಯದೂ ಸ್ವಲ್ಪ ದಿನದ ಮೇಲೆ ತನ್ನ ಹಾರಾಟದ ಸ್ನಾಯುವನ್ನು ಕರಗಿಸಿ ಮೊಟ್ಟೆಯ ಕಡೆ ತಿರುಗಬಹುದು. ಆಗ ಮೇಲೆ ರೆಕ್ಕೆ ಇರುತ್ತದೆ, ಒಳಗೆ ಎಂಜಿನ್ ಇರುವುದಿಲ್ಲ. ಅದಕ್ಕೇ ಹೇಳುವುದು, ಉದ್ದ ರೆಕ್ಕೆ ಕಂಡ ಕೂಡಲೇ ಹಾರುತ್ತದೆ ಅಂತ ಬರೆದುಕೊಳ್ಳಬಾರದು.

ಸಸ್ಯಹೇನುಗಳಲ್ಲಿ ತೀರ್ಮಾನ ತಾಯಿಯದು. ಗಿಡದ ಕುಡಿಯಲ್ಲಿ ಜನಸಂದಣಿ ಆದರೆ, ಮೈಗೆ ಮೈ ಪದೇ ಪದೇ ತಾಗಿದರೆ, ತಾಯಿ ಹೆರುವ ಮರಿಗಳಲ್ಲಿ ರೆಕ್ಕೆಯವು ಹೆಚ್ಚುತ್ತವೆ. ಬಟಾಣಿ ಗಿಡದ ಸಸ್ಯಹೇನುಗಳಲ್ಲಿ ಇನ್ನೊಂದು ವಿಷಯ ಕಂಡುಬಂದಿದೆ. ಹೇನು ತಿನ್ನುವ ಗುಲಗಂಜಿ ದುಂಬಿ ಹತ್ತಿರ ಓಡಾಡಿದರೂ ರೆಕ್ಕೆಯ ಮರಿಗಳು ಹೆಚ್ಚುತ್ತವೆ. ತಾಯಿ ಅಲ್ಲೇ ಇರುತ್ತದೆ, ಸಾಯಲೂಬಹುದು. ಮಕ್ಕಳಿಗೆ ಮಾತ್ರ ಹೊರಡುವ ದಾರಿ ಮಾಡಿಕೊಟ್ಟಿರುತ್ತದೆ.

ಎಲ್ಲ ಚೆನ್ನಾಗಿದ್ದಾಗಲೂ ಯಾಕೆ ಹೊರಡಬೇಕು

ಕೊಳ ಬತ್ತುತ್ತದೆ, ಪೈರು ಮುದಿಯಾಗುತ್ತದೆ, ಬಿದ್ದ ಹಣ್ಣು ಕೊಳೆಯುತ್ತದೆ. ಇಂಥ ಕಡೆ ಬದುಕುವ ಕೀಟ ಹಾರಲೇಬೇಕು. ಬೇಗ ಅಳಿಯುವ ಜಾಗದ ಕೀಟಗಳು ಜಾಸ್ತಿ ವಲಸೆ ಹೋಗುತ್ತವೆ, ಹಳೆಯ ಕಾಡು, ದೊಡ್ಡ ಕೆರೆಯಂಥ ಸ್ಥಿರ ಜಾಗದವು ಕಮ್ಮಿ ಅಂತ ಕೀಟತಜ್ಞ ಸೌತ್‌ವುಡ್ 1962ರಲ್ಲೇ ತೋರಿಸಿದ್ದರು. ಇದು ಯಾರಿಗಾದರೂ ಅರ್ಥವಾಗುವ ಮಾತು.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಗುವ ಮಾತನ್ನು ಹೇಳಿದವರು ಹ್ಯಾಮಿಲ್ಟನ್ ಮತ್ತು ಮೇ ಎಂಬ ಇಬ್ಬರು ವಿಜ್ಞಾನಿಗಳು, 1977ರಲ್ಲಿ. ಜಾಗ ಯಾವತ್ತೂ ಕೆಡುವುದಿಲ್ಲ ಅಂತಿಟ್ಟುಕೊಳ್ಳಿ. ಹೊರಗೆ ಹೋದವರಲ್ಲಿ ಬಹುಪಾಲು ಸಾಯುತ್ತಾರೆ ಅಂತಲೂ ಇಟ್ಟುಕೊಳ್ಳಿ. ಆಗಲೂ ಮಕ್ಕಳನ್ನು ಹೊರಗೆ ಕಳಿಸಬೇಕಾ? ಸುಮ್ನೆ ಯೋಚಿಸಿದರೆ ಬೇಡ ಅನಿಸುತ್ತದೆ. ಆದರೆ ಎಲ್ಲ ಮಕ್ಕಳನ್ನೂ ಮನೆಯಲ್ಲೇ ಇಟ್ಟುಕೊಂಡರೆ ಆ ಒಂದು ಜಾಗಕ್ಕೆ ಅಣ್ಣತಮ್ಮಂದಿರೇ ಹೊಡೆದಾಡುತ್ತಾರೆ, ಯಾರು ಗೆದ್ದರೂ ತಾಯಿಗೆ ಹೊಸದಾಗಿ ಸಿಗುವುದು ಏನೂ ಇಲ್ಲ. ಹೊರಗೆ ಹೋದದ್ದು ಬೇರೆಯವರ ಜಾಗವನ್ನು ಹಿಡಿದರೆ ಅದು ನಿಜವಾದ ಲಾಭ. ಅವರ ಸರಳ ಮಾದರಿಯ ಪ್ರಕಾರ, ಹೋದವು ಬದುಕಿ ಉಳಿಯುವ ಸಾಧ್ಯತೆ ಎಷ್ಟೇ ಕಮ್ಮಿಯಿರಲಿ, ಕೊನೇಪಕ್ಷ ಅರ್ಧದಷ್ಟು ಮಕ್ಕಳನ್ನು ಹೊರಗೆ ಕಳಿಸುವ ತಾಯಿಯ ವಂಶವೇ ನಿಲ್ಲುತ್ತದೆ. ಹತ್ತರಲ್ಲಿ ಒಂದು ಮಾತ್ರ ಬದುಕಿದರೂ ಉತ್ತರ ಅರ್ಧಕ್ಕಿಂತ ಚೂರು ಜಾಸ್ತಿಯೇ. ಮಾದರಿ ಸರಳ, ನಿಸರ್ಗ ಅಷ್ಟು ಸರಳವಲ್ಲ, ಒಪ್ಪುತ್ತೇನೆ. ಆದರೂ ಒಡಹುಟ್ಟಿದವರ ಜೊತೆಗಿನ ಪೈಪೋಟಿಯೇ ಹೊರಡುವುದಕ್ಕೆ ಒಂದು ಕಾರಣ ಅನ್ನುವ ಮಾತು ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಅತ್ತಿ ಹಣ್ಣಿನೊಳಗೆ ಬೆಳೆಯುವ ಕಣಜ ಹುಳುಗಳಲ್ಲಿ ಹೊರಡುವುದು, ಉಳಿಯುವುದು ಎಂಬ ಈ ಎರಡು ದಾರಿಗಳು ಗಂಡು ಹೆಣ್ಣಿನ ನಡುವೆಯೇ ಹಂಚಿಹೋಗಿವೆ. ಪರಾಗಸ್ಪರ್ಶ ಮಾಡುವ ಜಾತಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅದು ಹುಟ್ಟಿದ ಕಾಯಿಯೊಳಗೇ ಕೂಡುತ್ತದೆ, ಹೆಣ್ಣಿಗೆ ಹೊರಹೋಗಲು ತೂತು ಕೊರೆದುಕೊಡುತ್ತದೆ, ಸತ್ತುಹೋಗುತ್ತದೆ. ಹೆಣ್ಣು ರೆಕ್ಕೆ ಬಿಚ್ಚಿ ಇನ್ನೊಂದು ಮರ ಹುಡುಕಿ ಹೊರಡುತ್ತದೆ. ಒಂದೆರಡು ದಿನದ ಆಯುಷ್ಯ, ಅಷ್ಟರಲ್ಲೇ ಗಾಳಿಯಲ್ಲಿ ತೇಲಿ ಎಷ್ಟೋ ಕಿಲೋಮೀಟರ್ ದಾಟುವವು ಇವೆ.

ರೆಕ್ಕೆ ಬಿಟ್ಟವರು

ಡಾರ್ವಿನ್ ಒಂದು ಲೆಕ್ಕ ಕೊಡುತ್ತಾರೆ. ವೊಲಾಸ್ಟನ್ ಎಂಬ ಕೀಟತಜ್ಞರು ಮಡೀರಾ ದ್ವೀಪದಲ್ಲಿ ಗುರುತಿಸಿದ 550 ಜಾತಿಯ ದುಂಬಿಗಳಲ್ಲಿ 200ಕ್ಕೆ ಹಾರುವಷ್ಟು ರೆಕ್ಕೆ ಇರಲಿಲ್ಲ. ಹಾರಿದವು ಗಾಳಿಗೆ ಸಿಕ್ಕಿ ಸಮುದ್ರ ಸೇರುತ್ತವೆ, ಹಾರದವು ಉಳಿಯುತ್ತವೆ ಅಂತ ಡಾರ್ವಿನ್ ಊಹಿಸಿದರು. ಅವರ ಸ್ನೇಹಿತ ಹೂಕರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಆಮೇಲೆ ರಾಫ್ ಎಂಬ ವಿಜ್ಞಾನಿ 1990ರಲ್ಲಿ ಲೆಕ್ಕ ಹಾಕಿ, ದ್ವೀಪಗಳಲ್ಲಿ ಹಾರದ ಕೀಟಗಳು ಒಟ್ಟಾರೆ ಅಷ್ಟೇನೂ ಹೆಚ್ಚಿಲ್ಲ, ಮುಖ್ಯವಾದದ್ದು ಜಾಗ ಎಷ್ಟು ಸ್ಥಿರ ಅನ್ನುವುದು ಅಂತ ವಾದಿಸಿದರು. 2020ರಲ್ಲಿ ಲೇಹಿ ಮತ್ತು ಚೌನ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕಾ ಸುತ್ತಲಿನ ದ್ವೀಪಗಳನ್ನು ನೋಡಿದರು. ಅಲ್ಲಿನ ಮೂಲ ಕೀಟಗಳಲ್ಲಿ ಸುಮಾರು ಅರ್ಧದಷ್ಟು ಹಾರಲಾರವು, ಪತಂಗ ನೊಣಗಳೂ ಸೇರಿ. ಇದಕ್ಕೆ ತಾಳೆಯಾಗುವ ಕಾರಣ ಗಾಳಿಯೇ ಅಂತ ಅವರ ವಿಶ್ಲೇಷಣೆ. ಆದರೆ ಸಮುದ್ರಕ್ಕೆ ಬೀಳುವ ಭಯಕ್ಕಿಂತ ಖರ್ಚಿನ ಮಾತೇ ಅಲ್ಲಿ ದೊಡ್ಡದು. ಅಂಥ ಗಾಳಿಯಲ್ಲಿ ಹಾರುವುದೇ ದುಬಾರಿ; ಹಾರದೆ ಉಳಿಸಿದ್ದು ಮೊಟ್ಟೆಗೆ ಹೋಗುತ್ತದೆ. ನನ್ನ ಮಟ್ಟಿಗೆ ಡಾರ್ವಿನ್ ಮತ್ತು ರಾಫ್ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದೇ ಸರಿ. ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಖರ್ಚು ಮೇಲುಗೈ ಆಗುತ್ತದೆ.

ರೆಕ್ಕೆ ಬಿಟ್ಟರೆ ಚದುರುವುದನ್ನೇ ಬಿಟ್ಟ ಹಾಗಲ್ಲ. ಸ್ಪಂಜಿ ಪತಂಗದ ಯುರೋಪಿನ ತಳಿಯಲ್ಲಿ ಹೆಣ್ಣು ಹಾರುವುದಿಲ್ಲ. ಮೊಟ್ಟೆಯೊಡೆದ ಮರಿ ಕೊಂಬೆಯ ತುದಿಗೆ ಹತ್ತಿ, ರೇಷ್ಮೆ ಎಳೆ ಬಿಟ್ಟು ಜೋತಾಡಿ, ಗಾಳಿ ಬಂದಾಗ ಎಳೆಯ ಜೊತೆಗೇ ಹೋಗಿಬಿಡುತ್ತದೆ. ಕಡ್ಡಿಕೀಟದ ಗಟ್ಟಿ ಮೊಟ್ಟೆಗಳಲ್ಲಿ ಕೆಲವು ಹಕ್ಕಿಯ ಹೊಟ್ಟೆ ದಾಟಿಯೂ ಕೆಡದೆ ಹೊರಬಂದದ್ದನ್ನು ಪ್ರಯೋಗದಲ್ಲಿ ನೋಡಿದ್ದಾರೆ. ಎಲ್ಲಕ್ಕಿಂತ ಮಿಗಿಲಾದದ್ದು ಅಮೆರಿಕದ ಮರಳುಗಾಡಿನ ಮೆಲೋಯಿ ಎಂಬ ದುಂಬಿಯದು. ಅದರ ನೂರಾರು ಮರಿಗಳು ಹುಲ್ಲಿನ ಕಡ್ಡಿ ಹತ್ತಿ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿ ಕೂರುತ್ತವೆ, ಒಂದು ಜಾತಿಯ ಹೆಣ್ಣು ಜೇನಿನ ವಾಸನೆಯನ್ನು ಬಿಡುತ್ತವೆ. ಹೆಣ್ಣು ಅಂದುಕೊಂಡು ಗಂಡು ಜೇನು ಬಂದು ಎರಗುತ್ತದೆ. ಅಷ್ಟರಲ್ಲಿ ಮರಿಗಳು ಅದರ ಮೈಗೆ ಹತ್ತಿಕೊಂಡಿರುತ್ತವೆ. ಅದು ಮುಂದೆ ನಿಜವಾದ ಹೆಣ್ಣನ್ನು ಕೂಡುವಾಗ ಮರಿಗಳು ಅದರ ಮೈಗೆ ದಾಟುತ್ತವೆ, ಹೆಣ್ಣು ತನ್ನ ಗೂಡಿಗೆ ಹೋದಾಗ ಅಲ್ಲಿ ಇಳಿದು ಅದು ಕೂಡಿಟ್ಟ ಪರಾಗ ತಿನ್ನುತ್ತವೆ. ರೆಕ್ಕೆ ಬೇರೆಯವರದು, ಪ್ರಯಾಣ ಇವರದು.

ಗಾಳಿಯ ಮೇಲಿನ ಊರು

ನೆಲದ ಹತ್ತಿರ ಗಾಳಿ ನಿಧಾನ. ಅಲ್ಲಿ ಕೀಟ ತನ್ನ ಇಷ್ಟದ ಕಡೆ ಹೋಗಬಲ್ಲದು. ಮೇಲೆ ಹೋದಷ್ಟೂ ಗಾಳಿಯ ವೇಗ ಕೀಟದ ವೇಗವನ್ನು ಮೀರುತ್ತದೆ. ಆ ಗಡಿ ದಾಟಿದರೆ ಗಾಳಿ ಹೋದತ್ತ ಹೋಗಬೇಕು. ಹಾಗಂತ ಅದು ಕಸದ ಹಾಗೆ ತೇಲುತ್ತಿದೆ ಅಂದುಕೊಳ್ಳಬೇಡಿ. ರೆಕ್ಕೆ ಬಂದ ಸಸ್ಯಹೇನು ಮೊದಲು ಆಕಾಶದ ಬೆಳಕಿನ ಕಡೆಗೇ ಹಾರುತ್ತದೆ, ಪಕ್ಕದಲ್ಲೇ ಒಳ್ಳೆಯ ಎಲೆ ಇದ್ದರೂ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಹಾರಿದ ಮೇಲೆ ಮಾತ್ರ ಹಳದಿ ಹಸಿರಿನ ಸೆಳೆತ ಶುರುವಾಗುತ್ತದೆ, ಆಗ ಕೆಳಗೆ ಬರುತ್ತದೆ. ಏರುವುದು, ಇಳಿಯುವುದು ಎರಡೂ ಹುಳುವಿನ ಕೈಯಲ್ಲೇ ಇದೆ, ನಡುವಿನ ದಾರಿ ಮಾತ್ರ ಗಾಳಿಯದು.

ಮೇಲೆ ಎಷ್ಟು ಕೀಟಗಳಿವೆ ಅಂತ ಮೊದಲು ಗಂಭೀರವಾಗಿ ನೋಡಿದವರಲ್ಲಿ ಗ್ಲಿಕ್ ಎಂಬ ಕೀಟತಜ್ಞರು ಒಬ್ಬರು. 1926ರಿಂದ 1931ರವರೆಗೆ ಅಮೆರಿಕದ ಲೂಸಿಯಾನಾದಲ್ಲಿ ವಿಮಾನಕ್ಕೆ ಅಂಟುಬಲೆ ಕಟ್ಟಿ ಹಾರಿಸಿದರು. 14,000 ಅಡಿಯವರೆಗೂ ಕೀಟಗಳು ಸಿಕ್ಕವು, 15,000 ಅಡಿಯಲ್ಲಿ ಒಂದು ಜೇಡ. ಆಮೇಲೆ ರೇಡಾರ್ ಬಂತು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಹತ್ತು ವರ್ಷ ಮೇಲ್ಮುಖವಾಗಿ ರೇಡಾರ್ ಇಟ್ಟು ಎಣಿಸಿದ ಲೆಕ್ಕ 2016ರಲ್ಲಿ ಪ್ರಕಟವಾಯಿತು: ವರ್ಷಕ್ಕೆ ಸುಮಾರು 3.5 ಲಕ್ಷ ಕೋಟಿ ಕೀಟಗಳು, ತೂಕ 3,200 ಟನ್. ಅಷ್ಟೊಂದು ಜೀವ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ದೊಡ್ಡ ಕೀಟಗಳು ಗಾಳಿ ಆರಿಸಿಕೊಂಡು ಹಾರುತ್ತಿದ್ದವು ಅನ್ನುವುದೂ ಅದರಲ್ಲೇ ಕಂಡಿತು: ವಸಂತದಲ್ಲಿ ಉತ್ತರಕ್ಕೆ, ಬೇಸಿಗೆ ಮುಗಿದ ಮೇಲೆ ದಕ್ಷಿಣಕ್ಕೆ.

ಪ್ಯಾಂಟಾಲಾ ಫ್ಲೇವೆಸೆನ್ಸ್ ಎಂಬ ಏರೋಪ್ಲೇನ್ ಚಿಟ್ಟೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಹಳದಿ ಕಿತ್ತಳೆ ಮೈ, ಬುಡದಲ್ಲಿ ಅಗಲವಾದ ಹಿಂದಿನ ರೆಕ್ಕೆ, ತೇಲುವುದಕ್ಕೆ ಹೇಳಿ ಮಾಡಿಸಿದ್ದು. ಮಾಲ್ದೀವ್ಸ್‌ನಲ್ಲಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಇವು ಲಕ್ಷಾಂತರ ಬರುತ್ತವೆ. ಆ ದ್ವೀಪಗಳಲ್ಲಿ ಇವು ಮೊಟ್ಟೆ ಇಡುವಂಥ ಸಿಹಿನೀರೇ ಹೆಚ್ಚುಕಮ್ಮಿ ಇಲ್ಲ. ಹಾಗಾದರೆ ಇಲ್ಲಿಗೆ ಯಾಕೆ ಬರುತ್ತವೆ ಅಂತ ಅಲ್ಲೇ ಇದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಬಂದ ದಿನಗಳನ್ನು ಬರೆದಿಟ್ಟುಕೊಂಡರು. 2009ರಲ್ಲಿ ಅವರು ಹೇಳಿದ್ದು: ಇವು ಮಾಲ್ದೀವ್ಸ್‌ಗೆ ಬರುತ್ತಿಲ್ಲ, ಅದನ್ನು ದಾಟುತ್ತಿವೆ. ಭಾರತದಿಂದ ಹೊರಟು, ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿಯುವಾಗ ಎತ್ತರದ ಗಾಳಿ ಹಿಡಿದು, ಹಿಂದೂ ಮಹಾಸಾಗರದ ಮೇಲೆ ಪೂರ್ವ ಆಫ್ರಿಕಾಕ್ಕೆ. ಅಲ್ಲಿ ಮಳೆ ನೀರಿನ ಹೊಂಡಗಳಲ್ಲಿ ಮೊಟ್ಟೆ. ಮರಿ ಆರು ವಾರದ ಆಸುಪಾಸಿನಲ್ಲಿ ಬೆಳೆದುಬಿಡುತ್ತದೆ, ಹೊಂಡ ಬತ್ತುವ ಮೊದಲೇ. ಮಕ್ಕಳು, ಮೊಮ್ಮಕ್ಕಳು ಮಳೆಯ ಹಿಂದೆ ಹಿಂದೆಯೇ ಹೋಗಿ ಕೊನೆಗೆ ಮತ್ತೆ ಈ ಕಡೆ. ಪೂರ್ತಿ ಸುತ್ತು 14,000 ಕಿಲೋಮೀಟರಿಗಿಂತ ಜಾಸ್ತಿ ಅಂತ ಅಂದಾಜು, ಒಂದೇ ಕೀಟ ಅದನ್ನು ಮುಗಿಸುವುದಿಲ್ಲ. ಬೇಗ ಬತ್ತುವ ಹೊಂಡವನ್ನೇ ಮನೆ ಮಾಡಿಕೊಂಡ ಜೀವಕ್ಕೆ ಸಾಗರ ದಾಟುವುದು ಸಾಹಸವಲ್ಲ, ಅದರ ಬದುಕಿನ ಕ್ರಮವೇ ಅದು.

ಆಸ್ಟ್ರೇಲಿಯಾದ ಬೊಗಾಂಗ್ ಪತಂಗದ ಕಥೆ ಬೇರೆ. ಅಲ್ಲಿ ಹೋಗುವುದೂ ಬರುವುದೂ ಒಂದೇ ಪತಂಗ. ವಸಂತದಲ್ಲಿ ಹುಟ್ಟಿ, ರಾತ್ರಿಯಲ್ಲಿ ಹಾರಿ, ಸಾವಿರ ಕಿಲೋಮೀಟರ್ ದೂರದವರೆಗಿನ ಬಯಲುಗಳಿಂದ ಬೆಟ್ಟದ ತಂಪು ಗುಹೆಗಳನ್ನು ಸೇರುತ್ತದೆ, ಬೇಸಿಗೆ ಕಳೆದು ಹುಟ್ಟಿದ ಕಡೆಗೆ ಮರಳುತ್ತದೆ. ಮೊದಲು ಯಾವತ್ತೂ ಹೋಗದ ಗುಹೆ! ಅದು ಭೂಮಿಯ ಕಾಂತಕ್ಷೇತ್ರವನ್ನು ಬಳಸುತ್ತದೆ ಅಂತ 2018ರಲ್ಲಿ, ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುತ್ತದೆ ಅಂತ 2025ರಲ್ಲಿ ಗೊತ್ತಾಯಿತು.

ನಮ್ಮ ಕಾಲದಲ್ಲೇ ಬದಲಾಗುತ್ತಿರುವ ರೆಕ್ಕೆ

ವಿಕಾಸ ಅಂದರೆ ಕೋಟಿ ವರ್ಷದ ಮಾತು ಅಂತ ಅನಿಸಿದ್ದರೆ ಇದನ್ನು ಕೇಳಿ. ಬ್ರಿಟನ್ನಿನಲ್ಲಿ ಹುಲ್ಲುಗಾವಲಿನ ಎರಡು ಬಗೆಯ ಉದ್ದ ಮೀಸೆಯ ಮಿಡತೆಗಳು ವಾತಾವರಣ ಬಿಸಿಯಾದ ಹಾಗೆ ಉತ್ತರಕ್ಕೆ ಹಬ್ಬಿದವು. ಹೊಸದಾಗಿ ತಲುಪಿದ ಅಂಚಿನಲ್ಲಿ ಉದ್ದ ರೆಕ್ಕೆಯವು ಎದ್ದು ಕಾಣುವಷ್ಟು ಜಾಸ್ತಿ ಇದ್ದವು. ಸಹಜವೇ, ಮೊದಲು ತಲುಪುವವು ಅವೇ, ಅಲ್ಲಿ ಒಂದನ್ನೊಂದು ಕೂಡುವವೂ ಅವೇ. ಆದರೆ ನೆಲೆ ನಿಂತು ಐದು ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಉದ್ದ ರೆಕ್ಕೆಯವು ಮತ್ತೆ ಕಮ್ಮಿಯಾದವು. ಮೊಟ್ಟೆಯ ಲೆಕ್ಕ ಅಲ್ಲೂ ತನ್ನ ಕೆಲಸ ಮಾಡಿತು.

ಫಿನ್ಲೆಂಡಿನ ಓಲಂಡ್ ದ್ವೀಪಗಳಲ್ಲಿ ಪರಿಸರ ವಿಜ್ಞಾನಿ ಇಲ್ಕಾ ಹನ್ಸ್ಕಿ ಮತ್ತು ಅವರ ಜೊತೆಯವರು ಗ್ಲಾನ್‌ವಿಲ್ ಫ್ರಿಟಿಲರಿ ಎಂಬ ಚಿಟ್ಟೆಯನ್ನು ಸುಮಾರು 4,000 ಸಣ್ಣ ಹುಲ್ಲುಗಾವಲುಗಳಲ್ಲಿ ವರ್ಷ ವರ್ಷವೂ ಹುಡುಕಿದರು. ಪ್ರತಿ ವರ್ಷ ಕೆಲವು ತುಂಡುಗಳಲ್ಲಿ ಚಿಟ್ಟೆ ಅಳಿಯುತ್ತದೆ, ಕೆಲವು ಖಾಲಿ ತುಂಡುಗಳಿಗೆ ಹೊಸದಾಗಿ ಬರುತ್ತದೆ. ಇಡೀ ಜಾತಿ ಅಲ್ಲಿ ಉಳಿದಿರುವುದು ಹೊರಡುವ ಹೆಣ್ಣುಗಳಿಂದ. ಹೊಸ ತುಂಡಿನಲ್ಲಿ ನೆಲೆ ಹಾಕಿದ ಹೆಣ್ಣುಗಳ ಮಕ್ಕಳನ್ನು ಒಂದೇ ರೀತಿಯಲ್ಲಿ ಸಾಕಿ ಹೋಲಿಸಿದರೂ ಅವು ಹಳೆಯ ನೆಲೆಗಳ ಚಿಟ್ಟೆಗಳಿಗಿಂತ ಜಾಸ್ತಿ ಓಡಾಡುತ್ತವೆ. ಅಂದರೆ ಖಾಲಿ ಹುಲ್ಲುಗಾವಲನ್ನು "ಇಲ್ಲಿ ಚಿಟ್ಟೆ ಇಲ್ಲ" ಅಂತ ಉಳುಮೆಗೋ ಕಟ್ಟಡಕ್ಕೋ ಬಿಟ್ಟುಕೊಟ್ಟರೆ ನಾವು ಕಳೆಯುವುದು ಮುಂದಿನ ವರ್ಷದ ನೆಲೆಯನ್ನು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅಂತ ನನಗೆ ಅನಿಸುತ್ತದೆ.

ಇದಕ್ಕೆ ಉಲ್ಟಾ ಉದಾಹರಣೆ ಇಂಗ್ಲೆಂಡಿನ ವಿಕನ್ ಫೆನ್ ಎಂಬ ಜೌಗುನಾಡಿನದು. ಸುತ್ತಲಿನ ಜೌಗೆಲ್ಲ ಬತ್ತಿಸಿ ಹೊಲವಾದ ಮೇಲೆ ಅಲ್ಲಿನ ಸ್ವಾಲೋಟೇಲ್ ಚಿಟ್ಟೆ ಒಂಟಿ ತುಂಡಿನಲ್ಲಿ ಸಿಕ್ಕಿಬಿದ್ದಿತು. ಹೊರಟ ಚಿಟ್ಟೆಗೆ ಇಳಿಯಲು ಜಾಗವೇ ಇಲ್ಲ. ಮ್ಯೂಸಿಯಂಗಳಲ್ಲಿ ಪಿನ್ನು ಚುಚ್ಚಿಟ್ಟ ಹಳೆಯ ಚಿಟ್ಟೆಗಳ ಎದೆಭಾಗವನ್ನು ಅಳೆದು ನೋಡಿದಾಗ, ದಶಕಗಳು ಕಳೆದಂತೆ ಅದು ಕಿರಿದಾಗುತ್ತ ಬಂದಿತ್ತು. ಹಾರಾಟದ ಸ್ನಾಯು ಇರುವುದು ಅಲ್ಲೇ. ಹೊರಟವು ಸತ್ತವು, ಉಳಿದವುಗಳ ಮಕ್ಕಳು ಹೊರಡದವಾದವು, 1950ರ ದಶಕದ ಹೊತ್ತಿಗೆ ಅಲ್ಲಿ ಆ ಚಿಟ್ಟೆಯೇ ಇಲ್ಲವಾಯಿತು.

ಸಭೆಯ ಎರಡು ಪ್ರಶ್ನೆಗಳು

*ಹುಳುಗಳಿಗೆ ದೀಪ ಇಷ್ಟವಾ, ಯಾಕೆ ಮುತ್ತುತ್ತವೆ?*

ಇಷ್ಟದ ಮಾತಲ್ಲ ಅಂತ ಈಗ ಕಾಣುತ್ತಿದೆ. ಹಾರುವ ಕೀಟ ಬೆಳಕಿರುವ ಕಡೆಗೆ ಬೆನ್ನು ಮಾಡುತ್ತದೆ. ದೀಪವಿಲ್ಲದ ರಾತ್ರಿಯಲ್ಲಿ ಆಕಾಶವೇ ನೆಲಕ್ಕಿಂತ ಬೆಳಕು, ಹಾಗಾಗಿ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯಲು ಈ ಉಪಾಯ ಸಾಕಾಗಿತ್ತು. ದೀಪದ ಪಕ್ಕ ಬಂದಾಗ ಬೆನ್ನನ್ನು ದೀಪಕ್ಕೆ ತಿರುಗಿಸುತ್ತದೆ, ಅದರಿಂದ ದಾರಿ ಬಾಗುತ್ತದೆ, ಬಾಗಿ ಬಾಗಿ ಸುತ್ತುತ್ತಲೇ ಇರುತ್ತದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೇಗದ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದಿದ್ದಾರೆ. ದೀಪದ ಮೇಲೆ ಹಾದವು ತಲೆಕೆಳಗಾಗಿ ಬಿದ್ದದ್ದೂ ಅದರಲ್ಲಿದೆ. ಬೆಳಕು ಮೇಲಕ್ಕೆ ಚೆಲ್ಲದ ಹಾಗೆ ಮುಚ್ಚಿದ ದೀಪ, ಬೇಡದ ಹೊತ್ತಿನಲ್ಲಿ ಆರಿಸಿದ ದೀಪ, ಇವೆರಡೂ ಅವಕ್ಕೆ ಉಪಕಾರ.

*ಸೊಳ್ಳೆ ಎಷ್ಟು ದೂರ ಹೋಗುತ್ತದೆ?*

ತನ್ನ ಬಲದ ಮೇಲೆ ಬಹುಪಾಲು ಸೊಳ್ಳೆಗಳು ಹೆಚ್ಚು ದೂರ ಹೋಗುವುದಿಲ್ಲ ಅಂತಲೇ ತಿಳಿದಿದ್ದೆವು. ಆಫ್ರಿಕಾದ ಮಾಲಿಯಲ್ಲಿ ಹೀಲಿಯಂ ಬಲೂನಿಗೆ ಬಲೆ ಕಟ್ಟಿ, ನೆಲದಿಂದ 40ರಿಂದ 290 ಮೀಟರ್ ಎತ್ತರದಲ್ಲಿ ರಾತ್ರಿಯೆಲ್ಲ ಬಿಟ್ಟು ನೋಡಿದರು. ಫಲಿತಾಂಶ 2019ರಲ್ಲಿ ಬಂತು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗಳು ಆ ಎತ್ತರದಲ್ಲಿ ಸಿಕ್ಕವು, ಹೆಚ್ಚಿನವು ಹೆಣ್ಣು, ಅವುಗಳಲ್ಲೂ ಬಹಳಷ್ಟು ಆಗಲೇ ರಕ್ತ ಕುಡಿದವು. ಗಾಳಿಯ ಲೆಕ್ಕ ಹಾಕಿದರೆ ಒಂದೇ ರಾತ್ರಿಯಲ್ಲಿ ನೂರಾರು ಕಿಲೋಮೀಟರ್ ಹೋಗಿರಬಹುದು. ಒಣ ಬೇಸಿಗೆಯಲ್ಲಿ ಸೊಳ್ಳೆಯೇ ಕಾಣದ ಹಳ್ಳಿಗಳಿಗೆ ಮಳೆ ಬಿದ್ದ ಕೂಡಲೇ ಅವು ಎಲ್ಲಿಂದ ಬರುತ್ತವೆ ಅನ್ನುವ ಹಳೆಯ ಪ್ರಶ್ನೆಗೆ ಇದೂ ಒಂದು ಉತ್ತರ ಆಗಬಹುದು. ಹಾಗಿದ್ದರೆ ಒಂದು ಹಳ್ಳಿಯಲ್ಲಿ ಮಾತ್ರ ಸೊಳ್ಳೆ ನಿಯಂತ್ರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಆ ಕಡೆಯ ಹಳ್ಳಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.